ಕರಿ ನಾಯಿಗೆ ಫೋಕಸ್ಸು

ಶನಿವಾರ. ಬ್ಯಾಲರಾಟಿನ ಹೊರಗೆ, ತಗಡಿನ ಸೂರಿನ ನಾಯಿಮನೆ.
ಜುಲೈ ತಿಂಗಳ ಚಳಿ; ನಲ್ಲಿಯ ಬಾಯಿಗೆ ಹಿಮದ ಹಲ್ಲು.
ವಾರದಲ್ಲಿ ಐದು ದಿನ ಊರವರ ದವಡೆಗಳ ಎಕ್ಸ್‌ರೇ ತೆಗೆಯುವ ನಾನು
ಆರನೆಯ ದಿನ ಇಲ್ಲಿ,
ಮನೆ ಸಿಗದ ನಾಯಿಗಳ ಪಟ ತೆಗೆಯುತ್ತೇನೆ.

ಬಿಳಿಯವು ಹೋದವು, ಕಂದು ಬಣ್ಣದವು ಹೋದವು,
ಒಂದು ಕಿವಿಯಿಲ್ಲದ ಚುಕ್ಕೆನಾಯಿಯೂ ಹೋಯಿತು ಕಳೆದ ವಾರ.
ಉಳಿದದ್ದು ನಗೆಟ್.
ಚಿನ್ನದ ಗಣಿಯ ಊರಲ್ಲವೇ, ಯಾರೋ ಇಟ್ಟರು
ಬಂಗಾರದ ಗಟ್ಟಿಯ ಹೆಸರು. ಮೈಯೆಲ್ಲ ಇದ್ದಿಲು.
ಹನ್ನೊಂದು ತಿಂಗಳಾಯಿತು ಬಂದು.
"ಪಟದಲ್ಲಿ ಅದು ನಾಯಿಯಲ್ಲ, ತೂತು" ಅಂದಳು ಗ್ಲೆನಿಸ್
ಬಟ್ಟಲು ತೊಳೆಯುತ್ತ. "ವಯಸ್ಸು ಮಾತ್ರ ಬರೀಬೇಡ."

ಗುಂಡಿ ಅರ್ಧ ಒತ್ತಿದೆ.
ಲೆನ್ಸು ಹುಡುಕಲು ಹೊರಟಿತು, ಝರ್ರ್ ಮುಂದೆ, ಝರ್ರ್ ಹಿಂದೆ,
ಕರೆಂಟು ಹೋದಾಗ ಬೆಂಕಿಪೊಟ್ಟಣಕ್ಕೆ ತಡಕಾಡುವ ಕೈಯ ಹಾಗೆ.
ಕೊನೆಗೆ ಬೀಪ್ ಎಂದಿತು, ಭಾರಿ ಹೆಮ್ಮೆಯಿಂದ.
ನೋಡಿದರೆ ಪಂಜರದ ಸರಳು, ಸರಳಿನ ತುಕ್ಕು,
ತುಕ್ಕಿಗೆ ಅಂಟಿದ ಜೇಡದ ಒಂದೇ ಎಳೆ: ಎಲ್ಲ ಸ್ಪಷ್ಟ.
ಹಿಂದೆಲ್ಲೋ ಒಂದು ಮಬ್ಬು. ಅದು ನಗೆಟ್.

ಪ್ರಾಣಿಗಳ ಕಣ್ಣನ್ನೂ ತಾನೇ ಹುಡುಕುತ್ತದೆ
ಎಂದಿದ್ದ ಮಾರಿದವನು.
ಹಳದಿ ಚೌಕ ನಾಯಿಯ ಮೈಮೇಲೆಲ್ಲ ಅಲೆದಾಡಿ
ಹಿಂಗೋಡೆಯಲ್ಲಿ ತೂಗುವ, ಬೆಂಕಿ ಆರಿಸುವ ಸಿಲಿಂಡರಿನ
ಗುಂಡು ಮಾಪಕದ ಮೇಲೆ ಹೋಗಿ ಕೂತಿತು,
ಅದೇ ಕಣ್ಣೆಂದು ನಂಬಿ.

ಅದರ ತಪ್ಪೇನು?
ಅದಕ್ಕೆ ಬೇಕಾದ್ದು ಅಂಚು. ಈಚೆ ಬೆಳಕು, ಆಚೆ ನೆರಳು,
ನಡುವೆ ಹಿಡಿದುಕೊಳ್ಳಲೊಂದು ಗೆರೆ.
ಕಪ್ಪಿನೊಳಗೆ ಕಪ್ಪು, ಅದರೊಳಗೆ ಇನ್ನಷ್ಟು ಕಪ್ಪು ಇಟ್ಟರೆ
ಎಲ್ಲಿ ಹಿಡಿಯಬೇಕು?
ನಮ್ಮ ಕಡೆ ಕೂಸಿನ ಕೆನ್ನೆಗೆ ಕಾಡಿಗೆ ಇಡುತ್ತಾರೆ,
ದೃಷ್ಟಿ ತಾಗದಿರಲೆಂದು, ಒಂದೇ ಬೊಟ್ಟು.
ಇದು ಮೈಯೆಲ್ಲ ಬೊಟ್ಟಾಗಿ ಹುಟ್ಟಿದ್ದು.
ತಾಗಲೇ ಇಲ್ಲ, ಯಾರದೂ.

ನೆರವಿನ ದೀಪ ಹೊತ್ತಿಸಿದೆ, ಕ್ಯಾಮೆರಾದ ಹಣೆಯಲ್ಲಿ ಕಿತ್ತಳೆ ಕಿಡಿ.
ನಗೆಟ್ ಮೂಲೆಗೆ ಸರಿಯಿತು.
ಫ್ಲ್ಯಾಶು ಹಾರಿಸಿದೆ: ಎರಡು ಹಸಿರು ಗೋಲಿ, ಸುತ್ತ ಏನೂ ಇಲ್ಲ.
ಆಮೇಲೆ ಹೇಳಿದಳು ಗ್ಲೆನಿಸ್,
ಹಳೆಯ ಮನೆಯಲ್ಲಿ
ಮೊದಲು ಟಾರ್ಚು ಬರುತ್ತಿತ್ತಂತೆ. ಬೂಟು ಆಮೇಲೆ.

ಎಲ್ಲ ಆರಿಸಿದೆ.
ಫ್ಲ್ಯಾಶು, ಕಿಡಿ, ಬೀಪು, ಕಣ್ಣು ಹುಡುಕುವ ಜಾಣತನ.
ಪಂಜರದ ಬಾಗಿಲು ತೆಗೆದು ಒಳಗೆ ಹೋಗಿ ಕೂತೆ,
ಸಿಮೆಂಟಿನ ತಣ್ಣಗೆ ಪ್ಯಾಂಟಿನೊಳಗೆ ಇಳಿಯಿತು.
ಇಲ್ಲಿ ಸೂರ್ಯ ಬಡಗಲಿಗೆ ವಾಲಿ ನಡೆಯುತ್ತಾನೆ,
ಉತ್ತರದ ಕಿಟಕಿಯಲ್ಲಿ ಮಜ್ಜಿಗೆ ನೀರಿನಂಥ ಬಿಸಿಲು.
ಎದುರು ಮಗ್ಗುಲಿಗೆ ಗ್ಲೆನಿಸ್, ಬಿಳಿ ಟವೆಲ್ಲು ಚಾಚಿ ಹಿಡಿದು,
ಬಂದ ಬೆಳಕು ಅಲ್ಲಿಂದ ಹಿಂದಿರುಗಲೆಂದು.
ಐಎಸ್‌ಒ ಏರಿಸಿದೆ, ರವೆ ರವೆಯಾದರೂ ಆಗಲಿ.
ಎಲ್ಲವನ್ನೂ ಬೂದಿ ಮಾಡುವ ಹಠ ಮೀಟರಿಗೆ;
ಕಪ್ಪು ಕಪ್ಪಾಗಿಯೇ ಇರಲೆಂದು ಒಂದಿಷ್ಟು ಇಳಿಸಿದೆ.
ಇಡೀ ಚೌಕಟ್ಟಿಗೆ ಒಂದೇ ಬಿಂದು ಇಟ್ಟುಕೊಂಡೆ,
ಸಾಸಿವೆಯಷ್ಟು.

ಕಾದೆ. ಕಾಲು ಜೋಮು ಹಿಡಿಯಿತು.
ಹೊರಗೆ ಮ್ಯಾಗ್‌ಪೈ ಕೂಗಿತು.
ನಗೆಟ್ ಕಿಟಕಿಯ ಕಡೆ ಮೂತಿ ಎತ್ತಿದಾಗ ಕಂಡಿತು,
ಗದ್ದದ ಕೆಳಗೆ ನರೆ,
ಐದೋ ಆರೋ ಕೂದಲು, ಬೆಳ್ಳಗೆ, ಒರಟು.
ಬಿಂದುವನ್ನು ಅಲ್ಲಿಗೆ ಸರಿಸಿದೆ.
ಲೆನ್ಸು ಒಮ್ಮೆ ಮಿಸುಕಿತು, ನಿಂತಿತು. ಸದ್ದಿಲ್ಲ.
ಆ ನರೆಯಿಂದ ಮೂತಿ, ಮೂತಿಯಿಂದ ಹಣೆ,
ಹಣೆಯ ಕೆಳಗೆ ಕಿಟಕಿ ಹೊತ್ತ ಎರಡು ಕಣ್ಣು
ಒಂದೊಂದಾಗಿ ಹೊರಬಂದವು.

ಗ್ಲೆನಿಸ್ ಟವೆಲ್ಲು ಹೆಗಲಿಗೆ ಹಾಕಿ
ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು.
"ಅಯ್ಯೋ, ಮುದುಕನ ಹಾಗೆ ಕಾಣ್ತಾನಲ್ಲೇ!"
"ಹೂಂ" ಅಂದೆ.
"ಕಾಣ್ತಾನೆ."