ಎರಡು ಬಾಯಿಯ ವಾಲ್ವು

ಇನ್ವರ್‌ಕಾರ್ಗಿಲ್ಲಿನ ತೆಂಕಣ ಗಾಳಿ ಶೆಡ್ಡಿನ ತಗಡು ಬಡಿಯುತ್ತಿತ್ತು.
ತಾವಿತಾ ಹಳೆಯ ಸುಬಾರು ತಂದ:
ಗೇರು ಬದಲಿಸಿದಾಗಲೆಲ್ಲ ಎಂಜಿನ್ನಿಗೆ ಬಿಕ್ಕಳಿಕೆ.
"ವಾಲ್ವು ಬದಲಿಸು, ಸದ್ದು ಮಾತ್ರ ಇರಲಿ."

ಅದಾಗದು, ಅಂದೆ.
ಟರ್ಬೊ ಒತ್ತಿದ್ದು ಲೆಕ್ಕಕ್ಕೆ ಬಂದ ಗಾಳಿ,
ಬೀದಿಗೆ ಚೆಲ್ಲಿದರೆ ಪೆಟ್ರೋಲು ಮಿಕ್ಕಿ
ಹೊಗೆ ಕಪ್ಪಾಗುತ್ತದೆ.

ಬಂದ ಕೊಳವೆಗೇ ಗಾಳಿ ಮರಳಿಸುವ ವಾಲ್ವು ಕೂರಿಸಿದೆ.
ಸ್ಪ್ರಿಂಗು ಬಿಗಿದರೆ ಸಿಕ್ಕಿಬಿದ್ದ ಪಾರಿವಾಳದ ಪಟಪಟ,
ಸಡಿಲಿಸಿದರೆ ನಿಂತಲ್ಲೇ ಸೋರಿಕೆ.
ಗೇಜಿನ ಮುಳ್ಳು ನೋಡುತ್ತ
ಕಾಲು ಸುತ್ತು, ಆಮೇಲೆ ಅದರರ್ಧ.
ಬಿಕ್ಕಳಿಕೆ ನಿಂತಿತು. ಹುಡುಗನ ಮುಖ ಬಾಡಿತು.

ಗುರುವಾರ ಅವನ ತಾಯಿ ಸೆಫಿನಾ,
ಮಾಂಸದ ಕಾರ್ಖಾನೆಯ ಬಿಳಿ ಗಂಬೂಟಿನಲ್ಲೇ.
ಥ್ಯಾಂಕ್ಸ್ ಹೇಳಲು ಬಂದಳು ಅಂದುಕೊಂಡೆ.

"ತಿರುವಿನಲ್ಲಿ ಅದು ಉಸ್ಸೆಂದರೆ
ಬಂದ ಅಂತ ಮಗ್ಗುಲಾಗುತ್ತಿದ್ದೆ.
ನಾಲ್ಕು ರಾತ್ರಿಯಾಯಿತು,
ಬಾಗಿಲು ತೆರೆದು ತೆರೆದು ನೋಡುತ್ತೇನೆ."

ಕಪಾಟಿನ ಹಿಂದೆ ಎರಡು ಬಾಯಿಯದೊಂದಿತ್ತು,
ಹೆಚ್ಚು ಪಾಲು ಒಳಕ್ಕೆ, ಚೂರು ಹೊರಕ್ಕೆ.
ಹಾಕಿದೆ.

ಅವಳು ತಿರುವಿನಲ್ಲಿ ಕಣ್ಣು ಮುಚ್ಚಿ ನಿಂತಳು.
ನಾನು ಸುತ್ತಿ ಬಂದೆ,
ಇಳಿದು ಸ್ಕ್ರೂ ತಿರುವಿದೆ, ಮತ್ತೆ ಸುತ್ತಿ ಬಂದೆ.

ಮೂರನೆಯ ಸಲ
ಗಾಳಿಯ ನಡುವೆಯೇ ಕೈ ಎತ್ತಿದಳು:
ಇಷ್ಟು.