ಮೂರು ಒಲಿ

ಹ್ಯಾಸ್ಕೆಲ್ ಕ್ಲಾಸು, ಆರನೇ ಸೆಮ್.
ಬೋರ್ಡಿನ ಮ್ಯಾಲೆ ‘ಕನ್‌ಕರೆಂಟ್’ ಅಂತ ಬರದು,
ನಡುವ ಗೀಟು ಎಳದು, ಆಚಿ ಕಡೆ ‘ಪ್ಯಾರಲಲ್’ ಬರದು
ಬಾಯಿ ಒಣಗೂತನ ಹೇಳಿದೆ.
ಕಡೀ ಬೆಂಚಿನ ಇರ್ಫಾನ ಕೇಳಿದ:
‘ಎರಡೂ ಒಂದ ಅಲ್ಲೇನ್ರಿ ಮೇಡಂ?’
ಗಂಟಿ ಹೊಡೀತು. ಡಸ್ಟರ್ ಎತ್ತಿಕೊಂಡೆ.

ಬಾಗಲಕೋಟಿ ನವನಗರ, ಬಸ್ ಸ್ಟ್ಯಾಂಡಿನ ಹಿಂದ
ದುಂಡವ್ವನ ಖಾನಾವಳಿ.
ಸಂಜಿ ಏಳಕ್ಕ ಆಕಿ ಒಬ್ಬಾಕಿನ:
ಹಂಚಿನ ಮ್ಯಾಲಿನ ರೊಟ್ಟಿಗೆ ನೀರು ಸವರಿ,
ಅದು ಆರೂದರಾಗ ಬದನಿಕಾಯಿ ತಿರುವಿ,
ಗಲ್ಲಾದಾಗ ಚಿಲ್ಲರ ಹುಡುಕಿ, ಓಡಿ ಬಂದು
ರೊಟ್ಟಿ ಮಗುಚಿ—
ಯಾವ ಕೆಲಸಾನೂ ಮುಗಿದಿಲ್ಲ, ಯಾವುದೂ ನಿಂತಿಲ್ಲ.
ನೋಡಾವರಿಗೆ ಆರು ಕೈ.
ಇರೂವು ಎರಡ.

ಎಂಟಕ್ಕ ಇಳಕಲ್ಲ ಬಸ್ಸು ಬಂತು.
ಒಳಗಿಂದ ತಾಯವ್ವ, ಬೀಬಿಜಾನ.
ಮೂರು ಒಲಿ, ಮೂರು ಪರಾತ,
ಬಡಿತದ ಸಪ್ಪಳ ಒಂದರ ಮ್ಯಾಲೊಂದು ಬಿದ್ದು
ತಾಳ ಹರದು ಹೋತು.
ಇರ್ಫಾನ, ನೀ ಇಲ್ಲಿ ಇರಬೇಕಿತ್ತು.

ತಾಯವ್ವನ ಪರಾತ ಬರಿದಾತು.
ಕೇಳಲಿಲ್ಲ, ಹೇಳಲಿಲ್ಲ,
ಬೀಬಿಜಾನಳ ಸಾಲಿನ ಆಚಿ ತುದಿಯಿಂದ
ಒಂದು ಉಂಡಿ ಕದ್ದಳು.
ಬೀಬಿಜಾನ ತಲಿ ಎತ್ತಲಿಲ್ಲ.
ಯಾರು ತಟ್ಟಿದರೂ ಅದು ರೊಟ್ಟಿನ,
ತಟ್ಟಿದ್ದು ತಿರುಗಿ ಹಿಟ್ಟಾಗೂದಿಲ್ಲ,
ಒಬ್ಬಾಕಿ ಮಾಡಿದ್ದು ಇನ್ನೊಬ್ಬಾಕಿ ಕೆಡಸೂದಿಲ್ಲ—
ಜಗಳಕ್ಕ ಜಾಗಾನ ಇಲ್ಲ.

ಇದ್ದದ್ದು ಒಂದ ಕಡೆ: ಉಪ್ಪಿನ ಡಬ್ಬಿ.
ಮೊನ್ನಿ ಪಲ್ಯ ಸಪ್ಪಗಿತ್ತು.
‘ನೀ ಹಾಕಿರತಿ ಅಂದಕೊಂಡ್ನಿ.’
‘ನಾನೂ ಹಂಗ.’
ನಿನ್ನಿ ಇಬ್ಬರೂ ಹಾಕಿದರು.
ಇವತ್ತಿಂದ ಡಬ್ಬಿ ದುಂಡವ್ವನ ಉಡಿಯಾಗ;
ಕೇಳಿ ಇಸಕೊಬೇಕು, ತಿರುಗಿ ಕೊಟ್ಟು ಹೋಗಬೇಕು.

ಕೇಳೂತನ ತಟ್ಟಬಾರದು, ಅದು ಈ ಮನಿ ಕಾಯದೆ.
ಆದರೂ ಹತ್ತರ ಬಸ್ಸಿಗೆ ಅಂತ
ಮುರಿದಿಟ್ಟ ಹನ್ನೊಂದು ಉಂಡಿ ಮೂಲ್ಯಾಗ ಕುಂತಾವು.
ಬಸ್ಸು ಕೆರೂರ ಹತ್ರ ಕೆಟ್ಟು ನಿಂತೈತಂತ.
ಬೇಡೂ ಬಾಯಿ ಇಲ್ಲದ ಉಂಡಿ—
ಒಲಿಯಿಂದ ಸಿಡಿದ ಕಿಡಿ
ಗ್ವಾಡಿ ಮುಟ್ಟೂದರಾಗ ಆರಿದಂಗ.

‘ಕಾಲೇಜಿನ್ಯಾಗ ಏನ್ ಕಲಸ್ತೀರಿ ಬಾಯಾರ?’
‘ಯಾವ ಕೆಲಸ ಯಾರು ಯಾವಾಗ ಮಾಡಬೇಕು ಅಂತ.’
ದುಂಡವ್ವ ಹೊಗಿಯಾಗ ಕೆಮ್ಮಿ ನಕ್ಕಳು.
‘ಅದಕ್ಕ ಪಗಾರಾ?’

ತಾಟಿನ್ಯಾಗ ಪಲ್ಯ ಐತಿ, ರೊಟ್ಟಿ ಮುಗದೈತಿ.
ಬೆರಳು ಒಣಗಾಕತ್ತಾವು.
ಹದಿನೇಳು ಮಂದಿ ನಾವು
ಹಿಂಗ ಕೈ ಒಣಗಿಸಿಕೊಂತ ಕುಂತೀವಿ.
ಕಾಯಾವರಿಗೆ ಒಲಿ ಬೇಕಿಲ್ಲ,
ಬೆಂಚಿನ ಮ್ಯಾಲೆ ಗೇಣು ಜಾಗ ಸಾಕು;
ಸಾವಿರ ಮಂದಿ ಬೇಕಾದರೂ ಕಾಯಬಹುದು.

ಬೆನ್ನ ಹಿಂದಿಂದ ಒಂದು ಕೈ ಬಂತು.
ಯಾರ ಒಲಿದು ಅಂತ ನೋಡಲಿಲ್ಲ.
ಬಿಸಿ ಇತ್ತು.