ಲೀಟರಿಗೆ ಎಷ್ಟು

ತಿಂಗಳ ಮೊದಲ ಸೋಮವಾರ
ಅಕ್ಕಲಕೋಟ ಡೇಪೋದ ಕರಿಹಲಗೆ ಒರೆಸುವುದು ನನ್ನ ಪಾಳಿ.
ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ,
ಆಮೇಲೆ ಡ್ರೈವರುಗಳ ಹೆಸರು, ಹೆಸರಿನ ಎದುರು
ಒಂದು ಲೀಟರಿಗೆ ಎಷ್ಟು ಕಿಲೋಮೀಟರು.
ಎಲ್ಲರಿಗಿಂತ ಮೇಲಿದ್ದವನಿಗೆ ಐನೂರು ರೂಪಾಯಿ,
ಒಂದು ಗೋಡೆಗಡಿಯಾರ,
ಸಾಹೇಬರ ಕೈಯಿಂದ ಗುಲಾಬಿ.

ದಸ್ತಗೀರ ಶೇಖನ ಮನೆಯಲ್ಲಿ ಈಗ ನಾಲ್ಕು ಗಡಿಯಾರ.
ನಾಲ್ಕೂ ನಾಲ್ಕು ಹೊತ್ತು ಹೇಳತಾವ ಎಂದು ಅವನೇ ನಗುತ್ತಾನೆ.
ಇಳಿಜಾರು ಬಂದರೆ ಇಂಜಿನ್ ಆರಿಸುತ್ತಾನೆ,
ಯಾರಾದರೂ ಕೈ ಮಾಡಿದರೆ
ಕನ್ನಡಿ ಸರಿಪಡಿಸಿಕೊಳ್ಳುತ್ತಾನೆ.
ತಪ್ಪು ಅವನದೆಂದು ನಾನು ಹೇಳಲಾರೆ.
ನಿಲ್ಲಿಸಿದ್ದಕ್ಕೆ ಹಲಗೆಯಲ್ಲಿ ಕಾಲಮ್ಮಿಲ್ಲ.

ತಳದಲ್ಲಿ, ಸೀಮೆಸುಣ್ಣ ಸವೆದು ಉಗುರು ತಾಕುವ ಹೊತ್ತಿಗೆ,
ಮಲಕಣ್ಣ ಹತ್ತೂರೆ. ನಾಲ್ಕು ಪಾಯಿಂಟ್ ಒಂದು.
ತೋಳನೂರ ಗಾಡಿ, ನಮ್ಮೂರಿನ ಗಾಡಿ.
ಸಾಲಿ ಹುಡುಗಿಯರ ರಿಬ್ಬನ್ನು ಕಬ್ಬಿನಾಚೆ ಕಂಡರೂ ಸಾಕು,
ಬ್ರೇಕು.
"ಓಡಿ ಬರ್ಲಿಕ್ಕತ್ತಾವ, ತಡೀರಿ ಒಂದ್ ಸ್ವಲ್ಪ."
ಗೋದೂತಾಯಿಯ ಬದನೆಕಾಯಿ ಬುಟ್ಟಿ ಮೇಲೇರುವ ತನಕ
ಇಂಜಿನ್ನು ಗುರುಗುಡುತ್ತ ಡೀಸೆಲ್ ಕುಡಿಯುತ್ತ ನಿಲ್ಲುತ್ತಿತ್ತು.
ಒಮ್ಮೆ ಬಾಣಂತಿಯೊಬ್ಬಳಿಗಾಗಿ
ಅರ್ಧ ಫರ್ಲಾಂಗು ಹಿಂದಕ್ಕೂ ಬಂದಿತ್ತು.
ಹಿಂದಕ್ಕೆ ಬಂದ ದಾರಿ
ಯಾವ ಕಿಲೋಮೀಟರಿನ ಲೆಕ್ಕಕ್ಕೂ ಸೇರುವುದಿಲ್ಲ.

ಹನ್ನೊಂದು ವರ್ಷ, ಅವನ ಹೆಸರಿಗೊಂದು ಚಪ್ಪಾಳೆಯಿಲ್ಲ.
ನವೆಂಬರಿನ ಕೊನೆಗೆ, ಎಲ್ಲರೂ ಊಟಕ್ಕೆ ಹೋದ ಮಧ್ಯಾಹ್ನ,
ನಾಲ್ಕನ್ನು ಐದು ಮಾಡಿದೆ.
ನೀವು ಕಳ್ಳತನ ಎನ್ನಿ,
ನಾನು ಬಾಕಿ ಅಂದುಕೊಂಡೆ.

ಮೈಕು ಮರಾಠಿಯಲ್ಲಿ "ಮಲ್ಕಾನಾ ಹತ್ತುರೆ" ಎಂದಿತು.
ಬೇರೆ ಯಾರದೋ ಎಂದು ಅವನು ಕೂತೇ ಇದ್ದ.
ಪಕ್ಕದವರು ತಿವಿದು ಎಬ್ಬಿಸಿದರು.
ಗಡಿಯಾರ ಎರಡೂ ಕೈ ತುಂಬಿದ್ದರಿಂದ
ಗುಲಾಬಿಯನ್ನು ಸಾಹೇಬರೇ ಅವನ ಕಿಸೆಗೆ ತುರುಕಿದರು, ತಲೆಕೆಳಗಾಗಿ.
ಆಮೇಲೆ ನನ್ನ ಕಿಟಕಿಗೆ ಬಂದ.
"ಬಾಯಾರ, ಇದು ಹೆಂಗ ಆತ್ರಿ? ನಾ ಏನ್ ಮಾಡೀನಿ?"
"ಚಲೋ ಓಡ್ಸೀರಿ" ಎಂದೆ.
ಆ ದಿನ ನಾನಾಡಿದ್ದರಲ್ಲಿ
ಅದೊಂದು ನಿಜ.

ಮನೆಗೆ ಹೋಗಿ ಯೋಚಿಸಿರಬೇಕು,
ಏನೋ ಮಾಡಿದ್ದೇನೆ, ಏನೆಂದು ಗೊತ್ತಿಲ್ಲ, ಬಿಡಬಾರದು ಎಂದು.
ದಸ್ತಗೀರನಿಗೆ ಚಹಾ ಕುಡಿಸಿ
ಯಾವ ಯಾವ ಇಳಿಜಾರು ಎಷ್ಟೆಷ್ಟು ಉದ್ದ ಎಂದು ಕೇಳಿದನಂತೆ.

ಜನವರಿಯ ಒಂದು ಬೆಳಿಗ್ಗೆ
ಡಬ್ಬಿ ಗಡಗಡಿಸುತ್ತ ನಾನು ಓಡಿದೆ,
ಹುಡುಗಿಯರು ನನ್ನನ್ನು ದಾಟಿ ಓಡಿದರು,
ಓಡಲಾರದ ಗೋದೂತಾಯಿ ಬುಟ್ಟಿ ಇಳಿಸಿ ಎರಡೂ ಕೈ ಎತ್ತಿದಳು.
ಕೆಂಪು ಗಾಡಿ
ಸದ್ದೇ ಇಲ್ಲದೆ, ತನ್ನ ಭಾರದಿಂದಲೇ,
ಹಳ್ಳದ ಕಡೆ ಇಳಿದುಹೋಯಿತು.
ಕಿಟಕಿಯಲ್ಲಿ ಅವನ ಮೊಣಕೈ ಕಂಡಿತು.
ಕನ್ನಡಿ ಸರಿಪಡಿಸಿಕೊಳ್ಳುತ್ತಿದ್ದ.

ಮತ್ತೆ ಸೋಮವಾರ. ಒದ್ದೆ ಬಟ್ಟೆ, ಒಣ ಬಟ್ಟೆ.
ಮಲಕಣ್ಣ ಹತ್ತೂರೆ: ಐದು ಪಾಯಿಂಟ್ ಎರಡು.
ಎಲ್ಲೋ ತಪ್ಪಿರಬೇಕೆಂದು
ಮೂರು ಸಲ ಕೂಡಿ, ಭಾಗಿಸಿ ನೋಡಿದೆ.
ಅಷ್ಟೇ ಬಂತು.